ತಿರುಗುವ ತಟ್ಟೆ ನಿಂತ ಕಥೆ

"ಕಂಪ್ಯೂಟರ್ ಹಳೇದಾಯ್ತು, ಇನ್ನು ಇದು ಆಗಲ್ಲ, ಹೊಸದು ತಗೊಳ್ಳಿ." ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಈ ಮಾತು ಕೇಳದವರು ಕಡಿಮೆ. ಮನೆಯಲ್ಲಿ ಸ್ವಿಚ್ ಒತ್ತಿ, ಒಲೆ ಮೇಲೆ ಟೀಗೆ ಇಟ್ಟು, ಕುಡಿದು ಮುಗಿಸಿದರೂ ಪರದೆ ಮೇಲಿನ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. 2020ರ ಆನ್‌ಲೈನ್ ಪಾಠದ ಕಾಲದಲ್ಲಿ ಮಕ್ಕಳಿಗೆಂದು ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳು ಈಗ ಎಷ್ಟೋ ಮನೆಗಳಲ್ಲಿ ಬಟ್ಟೆ ಹೊದ್ದುಕೊಂಡು ಮೂಲೆ ಸೇರಿವೆ.

ಹೊಸದಕ್ಕೆ ಮೂವತ್ತು ನಲವತ್ತು ಸಾವಿರ ಹೊಂದಿಸುವ ಮೊದಲು ಒಂದು ವಿಷಯ ತಿಳಿದಿರಲಿ. ಆ ಇಡೀ ಯಂತ್ರವನ್ನು ಕಾಯಿಸುತ್ತಿರುವುದು ಬಹಳಷ್ಟು ಸಲ ಒಳಗಿರುವ ಒಂದೇ ಒಂದು ಭಾಗ, ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ಏಳಬಲ್ಲದು. ಇದು ಯಾಕೆ ಹೀಗೆ ಎಂದು ತಿಳಿಯಲು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಒಂದು ಟನ್ ತೂಕದ ಡಿಸ್ಕ್

ಮೊದಮೊದಲು ಕಂಪ್ಯೂಟರಿನ ಲೆಕ್ಕಗಳನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ, ಆಮೇಲೆ ಟೇಪುಗಳಲ್ಲಿ ಇಡುತ್ತಿದ್ದರು. ಟೇಪಿನ ಕಷ್ಟ ಕ್ಯಾಸೆಟ್ ಕಾಲದವರಿಗೆ ಗೊತ್ತು. ಕೊನೆಯ ಹಾಡು ಬೇಕೆಂದರೆ ಇಡೀ ರೀಲು ಸುತ್ತಬೇಕು.

ಇದಕ್ಕೆ ದಾರಿ ಹುಡುಕಿದ್ದು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಪ್ರಯೋಗಾಲಯ. ತಂಡದ ಮುಖ್ಯಸ್ಥ ರೆನಾಲ್ಡ್ ಜಾನ್ಸನ್ ಮೊದಲು ಹೈಸ್ಕೂಲ್ ಮೇಷ್ಟ್ರಾಗಿದ್ದವರು. 1956ರ ಸೆಪ್ಟೆಂಬರ್‌ನಲ್ಲಿ ಅವರ ತಂಡದ ಯಂತ್ರ ಹೊರಬಂತು. ಅದರ ಹೆಸರು ರಾಮಾಕ್. ಎರಡು ಅಡಿ ಅಗಲದ 50 ಲೋಹದ ತಟ್ಟೆಗಳು ಒಂದೇ ಕಂಬಕ್ಕೆ ಪೋಣಿಸಿಕೊಂಡು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಒಂದು ತೋಳು ಮೇಲೆ ಕೆಳಗೆ ಓಡಾಡಿ, ಬೇಕಾದ ತಟ್ಟೆಯ ಬೇಕಾದ ಜಾಗಕ್ಕೆ ಹೋಗಿ ಓದುತ್ತಿತ್ತು. ಗ್ರಾಮೊಫೋನ್ ಪ್ಲೇಟಿನ ಮುಳ್ಳನ್ನು ಎತ್ತಿ ಬೇಕಾದ ಹಾಡಿನ ಮೇಲೆ ಇಟ್ಟಂತೆ. ಆ ಡಿಸ್ಕಿನ ತೂಕ ಒಂದು ಟನ್ನಿನ ಆಸುಪಾಸು. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಲೆಕ್ಕದಲ್ಲಿ ಸುಮಾರು 3.75 ಎಂಬಿ, ಅಂದರೆ ನಿಮ್ಮ ಫೋನಿನ ಒಂದು ಫೋಟೊ.

ಕಣಜ ಬೆಳೆಯಿತು, ನಡಿಗೆ ಬೆಳೆಯಲಿಲ್ಲ

ಅಲ್ಲಿಂದ ಮುಂದೆ ಡಿಸ್ಕ್ ಚಿಕ್ಕದಾಗುತ್ತಾ, ಹಿಡಿಯುವ ಮಾಹಿತಿ ದೊಡ್ಡದಾಗುತ್ತಾ ಹೋಯಿತು. 1980ರಲ್ಲಿ ಸೀಗೇಟ್ ಕಂಪನಿ ಮೇಜಿನ ಮೇಲಿನ ಕಂಪ್ಯೂಟರಿಗೆ ಹೊಂದುವ 5 ಎಂಬಿ ಡಿಸ್ಕ್ ತಂದಿತು. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ 10 ಎಂಬಿ ಡಿಸ್ಕಿನೊಂದಿಗೇ ಬಂತು. 2007ರಲ್ಲಿ ಹಿಟಾಚಿಯ ಒಂದೇ ಡಿಸ್ಕಿನಲ್ಲಿ 1 ಟಿಬಿ, ಅಂದರೆ ಹತ್ತು ಲಕ್ಷ ಎಂಬಿ ಹಿಡಿಯಿತು. ರಾಮಾಕ್‌ಗೆ ಹೋಲಿಸಿದರೆ ಎರಡೂವರೆ ಲಕ್ಷ ಪಟ್ಟಿಗಿಂತ ಹೆಚ್ಚು.

ಬೇಕಾದ ಜಾಗಕ್ಕೆ ಹೋಗಿ ಮಾಹಿತಿ ತರುವ ವೇಗದ ಕಥೆ ಬೇರೆ. ರಾಮಾಕ್‌ಗೆ ಇದಕ್ಕೆ ಸರಾಸರಿ 600 ಮಿಲಿಸೆಕೆಂಡ್ ಬೇಕಿತ್ತು, ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಇಂದು ಮನೆಯ ಕಂಪ್ಯೂಟರಿನಲ್ಲಿರುವ, ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 12 ಮಿಲಿಸೆಕೆಂಡ್ ಬೇಕು. ಅಂದರೆ ಅರ್ಧ ಶತಮಾನದಲ್ಲಿ ಹೆಚ್ಚಿದ್ದು ಐವತ್ತು ಪಟ್ಟು ಮಾತ್ರ. ಊರಿನ ಕಣಜ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಾ ಹೋದರೂ, ಒಳಗೆ ಇಳಿದು ಕಾಳು ಅಳೆದು ತರುವ ಆಳು ಒಬ್ಬನೇ ಉಳಿದಂತೆ ಆಯಿತು.

ಇದು ಎಂಜಿನಿಯರುಗಳ ಸೋಮಾರಿತನವಲ್ಲ. ತೋಳು ಚಲಿಸಬೇಕು, ತಟ್ಟೆ ತಿರುಗಿ ಬರಬೇಕು. ಲೋಹವನ್ನು ಅದಕ್ಕಿಂತ ಜೋರಾಗಿ ಓಡಿಸಿದರೆ ಬಿಸಿ, ಸದ್ದು, ಸವೆತ ಎಲ್ಲವೂ ಹೆಚ್ಚುತ್ತವೆ. ಅದೇ ಹೊತ್ತಿಗೆ ಕಂಪ್ಯೂಟರಿನ ಪ್ರೊಸೆಸರ್ ಸಾವಿರಾರು ಪಟ್ಟು ಚುರುಕಾಗಿ, ಡಿಸ್ಕಿನ ಬಾಗಿಲಲ್ಲಿ ಕೈಕಟ್ಟಿ ಕಾಯುತ್ತಾ ನಿಂತಿತು.

ಒಂದು ಸಣ್ಣ ಲೆಕ್ಕ ಹಾಕೋಣ. ಕಂಪ್ಯೂಟರ್ ಏಳುವಾಗ ಅಲ್ಲೊಂದು ಇಲ್ಲೊಂದು ಬಿದ್ದಿರುವ 10,000 ತುಣುಕು ಮಾಹಿತಿ ಓದಬೇಕು ಎಂದುಕೊಳ್ಳಿ. ಒಂದೊಂದಕ್ಕೆ 12 ಮಿಲಿಸೆಕೆಂಡ್ ಎಂದರೆ ಒಟ್ಟು 120 ಸೆಕೆಂಡ್, ಎರಡು ನಿಮಿಷ. ಎಸ್‌ಎಸ್‌ಡಿಗೆ ಒಂದೊಂದಕ್ಕೆ ಸುಮಾರು 0.1 ಮಿಲಿಸೆಕೆಂಡ್ ಸಾಕು. ಅದೇ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಮ್ಮ ಟೀ ಹೊತ್ತೆಲ್ಲ ಹೋಗುತ್ತಿದ್ದದ್ದು ಇಲ್ಲಿ.

ಮಸುವೊಕಾ ಎಂಬ ಎಂಜಿನಿಯರ್

ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಅದರ ಬೀಜ ಬಿದ್ದದ್ದು 1967ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೊರಿಯಾ ಮೂಲದ ದಾವೊನ್ ಕಾಂಗ್ ಮತ್ತು ಚೀನಾ ಮೂಲದ ಸೈಮನ್ ಝೀ ಒಂದು ಉಪಾಯ ಕಂಡುಕೊಂಡರು. ವಿದ್ಯುತ್ ಹರಿಯಗೊಡದ ಪದರಗಳ ನಡುವೆ ಎಲೆಕ್ಟ್ರಾನುಗಳನ್ನು ಕೂಡಿಹಾಕಿದರೆ, ಕರೆಂಟು ಹೋದ ಮೇಲೂ ಅವು ಅಲ್ಲೇ ಉಳಿಯುತ್ತವೆ. ಬಾಯಿ ಮುಚ್ಚಿದ ಗಡಿಗೆಯಲ್ಲಿ ಕಾಳು ಇಟ್ಟಂತೆ. ಕಾಳು ಇದೆಯೋ ಇಲ್ಲವೋ ಎಂಬುದೇ ಕಂಪ್ಯೂಟರಿನ ಸೊನ್ನೆ ಮತ್ತು ಒಂದು.

ಆದರೆ ಬರೆದದ್ದನ್ನು ಅಳಿಸುವುದು ದೊಡ್ಡ ರಗಳೆ. ಒಂದು ಬಗೆಯ ಚಿಪ್ಪನ್ನು ಯಂತ್ರದಿಂದ ಕಿತ್ತು, ನೇರಳಾತೀತ ಬೆಳಕಿನ ಕೆಳಗೆ ಹಿಡಿಯಬೇಕಿತ್ತು. ಇನ್ನೊಂದು ಬಗೆಯಲ್ಲಿ ಸ್ವಲ್ಪ ಸ್ವಲ್ಪವೇ ಅಳಿಸಬಹುದಿತ್ತು, ಅದು ಬಹಳ ದುಬಾರಿ.

ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ ಬೇರೆ ದಾರಿ ಹಿಡಿದರು. ಸ್ಲೇಟಿನಲ್ಲಿ ಒಂದೊಂದೇ ಅಕ್ಷರ ಉಜ್ಜುವ ಬದಲು ಇಡೀ ಸ್ಲೇಟನ್ನು ಒಮ್ಮೆಗೇ ಒರೆಸಿದರೆ ಹೇಗೆ? ಹಾಗೆ ಮಾಡಿದಾಗ ಚಿಪ್ಪಿನ ರಚನೆ ಸರಳವಾಯಿತು, ಅಗ್ಗವೂ ಆಯಿತು. ಕ್ಯಾಮೆರಾದ ಫ್ಲಾಷ್ ಹೊಡೆದಂತೆ ಕ್ಷಣದಲ್ಲಿ ಅಳಿಯುತ್ತದಲ್ಲ ಎಂದು ಅವರ ಸಹೋದ್ಯೋಗಿ ಶೋಜಿ ಅರಿಯಿಜುಮಿ ಇದಕ್ಕೆ 'ಫ್ಲಾಷ್' ಎಂಬ ಹೆಸರು ಸೂಚಿಸಿದರು. 1984ರಲ್ಲಿ ಮಸುವೊಕಾ ಇದನ್ನು ಲೋಕದ ಮುಂದಿಟ್ಟರು. 1987ರಲ್ಲಿ ಇನ್ನೂ ಒತ್ತಾಗಿ ಮಾಹಿತಿ ತುಂಬಬಲ್ಲ 'ನ್ಯಾಂಡ್' ಎಂಬ ಬಗೆಯನ್ನು ಕೊಟ್ಟರು. ಇಂದಿನ ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲದರೊಳಗೂ ಇರುವುದು ಈ ನ್ಯಾಂಡ್. ನೀವು ಈ ಲೇಖನ ಓದುತ್ತಿರುವ ಫೋನಿನೊಳಗೂ ಅದೇ ಇದೆ.

ಅಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯನಿಗೆ ಸಿಕ್ಕಿದ್ದೇನು? 1994ರಲ್ಲಿ ಅವರು ಕಂಪನಿ ಬಿಟ್ಟು ತೊಹೊಕು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ತಮ್ಮ ಆವಿಷ್ಕಾರದ ಪಾಲು ಕೊಡಿ ಎಂದು 2004ರಲ್ಲಿ 100 ಕೋಟಿ ಯೆನ್ ಕೇಳಿ ಕೋರ್ಟಿಗೆ ಹೋದರು. 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಮುಂದೆ ಬೇರೆ ವ್ಯವಹಾರದಲ್ಲಿ ಭಾರಿ ನಷ್ಟಕ್ಕೆ ಸಿಲುಕಿದ ತೋಷಿಬಾ, 2018ರಲ್ಲಿ ತನ್ನ ಫ್ಲಾಷ್ ವ್ಯಾಪಾರವನ್ನೇ ಮಾರಬೇಕಾಯಿತು. ಬಂದ ಬೆಲೆ ಸುಮಾರು 2 ಲಕ್ಷ ಕೋಟಿ ಯೆನ್. ದುಡಿದವನ ಪಾಲೆಷ್ಟು, ಮಾರಿದವರ ಪಾಲೆಷ್ಟು ಎಂಬ ಲೆಕ್ಕ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಶ್ರೀಮಂತರ ಸಾಮಾನು ಅಗ್ಗವಾದದ್ದು

1991ರಲ್ಲಿ ಸನ್‌ಡಿಸ್ಕ್ ಎಂಬ ಕಂಪನಿ ಐಬಿಎಂಗಾಗಿ ಫ್ಲಾಷ್ ಆಧಾರಿತ ಡ್ರೈವ್ ಮಾಡಿಕೊಟ್ಟಿತು. ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ ಆ ಕಂಪನಿಯ ಸ್ಥಾಪಕರಲ್ಲೊಬ್ಬರು. ಡ್ರೈವಿನಲ್ಲಿ ಹಿಡಿಯುತ್ತಿದ್ದದ್ದು 20 ಎಂಬಿ, ಬೆಲೆ ಸುಮಾರು 1,000 ಡಾಲರ್. 2008ರಲ್ಲಿ ಆಪಲ್‌ನ ಮ್ಯಾಕ್‌ಬುಕ್ ಏರ್ ಬಂದಾಗಲೂ 64 ಜಿಬಿಯ ಎಸ್‌ಎಸ್‌ಡಿ ಬೇಕೆಂದರೆ ಹೆಚ್ಚುವರಿಯಾಗಿ ಸುಮಾರು 1,000 ಡಾಲರ್ ತೆರಬೇಕಿತ್ತು.

ಬೆಲೆ ಇಳಿಸಿದ್ದು ಕ್ಯಾಮೆರಾ, ಪೆನ್‌ಡ್ರೈವ್ ಮತ್ತು ಫೋನುಗಳು. ಕೋಟಿಗಟ್ಟಲೆ ಜನ ಕೊಂಡಂತೆ ಕಾರ್ಖಾನೆಗಳು ಹೆಚ್ಚಿದವು. 2011ರಲ್ಲಿ ಥಾಯ್ಲೆಂಡಿನ ಪ್ರವಾಹದಲ್ಲಿ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿ, ಹಾರ್ಡ್ ಡಿಸ್ಕಿನ ಬೆಲೆ ಹಲವು ಕಡೆ ದುಪ್ಪಟ್ಟಾಯಿತು. ಎರಡರ ನಡುವಿನ ಬೆಲೆಯ ಅಂತರ ಅಷ್ಟು ಕಡಿಮೆಯಾಯಿತು. 2013ರಲ್ಲಿ ಸ್ಯಾಮ್ಸಂಗ್ ಚಿಪ್ಪಿನೊಳಗೆ ಪದರದ ಮೇಲೆ ಪದರ ಕಟ್ಟತೊಡಗಿತು. ಸೈಟು ಚಿಕ್ಕದಾದರೆ ಮಹಡಿ ಎತ್ತುತ್ತೇವಲ್ಲ, ಹಾಗೆ. ಅಲ್ಲಿಂದ ಎಸ್‌ಎಸ್‌ಡಿ ಸಾಮಾನ್ಯರ ಕೈಗೂ ಎಟುಕಿತು.

ನಮ್ಮ ಮನೆಯ ಕಂಪ್ಯೂಟರಿಗೆ

ಮೊದಲು ನಿಮ್ಮಲ್ಲಿರುವುದು ಯಾವುದೆಂದು ನೋಡಿಕೊಳ್ಳಿ. ವಿಂಡೋಸ್ 10 ಅಥವಾ 11 ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ 'ಪರ್ಫಾರ್ಮೆನ್ಸ್' ಎಂಬಲ್ಲಿಗೆ ಹೋಗಿ. ಡಿಸ್ಕ್ ಎಂಬುದರ ಕೆಳಗೆ ಎಚ್‌ಡಿಡಿ ಎಂದಿದ್ದರೆ ಅದು ತಿರುಗುವ ತಟ್ಟೆ. ನೀವು ಏನೂ ಮಾಡದೆ ಕೂತಾಗಲೂ ಅದು ಬಹಳ ಹೊತ್ತು 100% ತೋರಿಸುತ್ತಿದ್ದರೆ ಕಳ್ಳ ಸಿಕ್ಕಂತೆ.

ಕಳೆದ ಹದಿನೈದು ವರ್ಷಗಳ ಬಹುತೇಕ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕ್ ಸಾಟಾ ಎಂಬ ಕನೆಕ್ಷನ್‌ಗೆ ಕೂರುತ್ತದೆ. ಸಾಟಾ ಎಸ್‌ಎಸ್‌ಡಿ ಕೂಡ ಅದೇ ಜಾಗಕ್ಕೆ, ಅದೇ ವೈರುಗಳಿಗೆ ಕೂರುತ್ತದೆ. ಮನೆ ಬಳಕೆಗೆ 240 ಅಥವಾ 256 ಜಿಬಿ ಸಾಕು. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಅದರಲ್ಲಿ ನಿಮ್ಮ ಫೋಟೊ, ಆಧಾರ್, ಪಹಣಿಯ ಪ್ರತಿಗಳು ಇರಬಹುದು. ಯುಎಸ್‌ಬಿ ಕೇಸ್ ಹಾಕಿಸಿದರೆ ಎರಡನೇ ಪ್ರತಿ ಇಡಲು ಅದೇ ಆಗುತ್ತದೆ.

ಆ ಎರಡನೇ ಪ್ರತಿ ಬೇಕೇ ಬೇಕು. ಹಾರ್ಡ್ ಡಿಸ್ಕ್ ಸಾಯುವ ಮೊದಲು ಎಷ್ಟೋ ಸಲ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಮಾತಿಲ್ಲದೆ ನಿಂತುಬಿಡಬಹುದು, ಆಮೇಲೆ ಮಾಹಿತಿ ವಾಪಸ್ ತೆಗೆಯುವುದು ಕಷ್ಟ. ಗಡಿಗೆಯ ಕಾಳಿನಂತೆ ಕೂಡಿಹಾಕಿದ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುವುದೂ ಉಂಟು. ಹಾಗಾಗಿ ಮದುವೆ ಫೋಟೊ ತುಂಬಿದ ಎಸ್‌ಎಸ್‌ಡಿಯನ್ನು ಕರೆಂಟು ಕಾಣಿಸದೆ ವರ್ಷಗಟ್ಟಲೆ ಟ್ರಂಕಿನಲ್ಲಿ ಇಡಬಾರದು. ಪದೇ ಪದೇ ಕರೆಂಟು ಹೋಗುವ ಊರಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ.

ಎಸ್‌ಎಸ್‌ಡಿ ಹಾಕಿದರೆ ಇಂಟರ್‌ನೆಟ್ ಜೋರಾಗುವುದಿಲ್ಲ. ರ‍್ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಅದನ್ನೂ ಹೆಚ್ಚಿಸಬೇಕಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹೊಂದದಿದ್ದರೆ ಉಚಿತವಾಗಿ ಸಿಗುವ ಲಿನಕ್ಸ್ ಬಗ್ಗೆ ಕೇಳಿ ನೋಡಿ. ಇನ್ನು, ಕೆಲವೇ ನೂರು ರೂಪಾಯಿಗೆ 16 ಟಿಬಿ ಎಸ್‌ಎಸ್‌ಡಿ ಎಂದು ಫೋನಿನಲ್ಲಿ ಬರುವ ಜಾಹೀರಾತು ನಂಬಬೇಡಿ. ಅದು ಮೋಸ.

ಮುಂದಿನ ಸಲ ಅಂಗಡಿಯವರು "ಇದು ಆಗಲ್ಲ" ಎಂದಾಗ ಒಂದು ಪ್ರಶ್ನೆ ಕೇಳಿ: "ಅಣ್ಣಾ, ಇದರೊಳಗಿರೋದು ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ?" ಉತ್ತರ ಹಾರ್ಡ್ ಡಿಸ್ಕ್ ಎಂದು ಬಂದರೆ, ಎಸ್‌ಎಸ್‌ಡಿ ಹಾಕಲು ಎಷ್ಟಾಗುತ್ತದೆ ಎಂದು ವಿಚಾರಿಸಿ. ಹೊಸ ಕಂಪ್ಯೂಟರಿನ ಮಾತು ಆಮೇಲೆ ಆಡಬಹುದು.