ಬೆಂಕಿಪುರದ ಕುಲುಮೆಯ ಕಾಣದ ಬಂಧ

ಶಿವಮೊಗ್ಗೆಯ ನೆರೆಯ ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಭದ್ರಾ ನದಿಯ ದಡದ ಆ ಊರಿನಲ್ಲಿ ಮೈಸೂರು ಸಂಸ್ಥಾನವು ಕಟ್ಟಿಸಿದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸಕ್ಕೆ ತೊಡಗಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕನಸು ಅದು. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಸಂಸ್ಥಾನದಲ್ಲಿ ಇಲ್ಲದ್ದು ಕಲ್ಲಿದ್ದಲು. ಆ ಕೊರತೆಯನ್ನು ಮಲೆನಾಡಿನ ಕಾಡು ತನ್ನ ಮರಗಳನ್ನು ತೆತ್ತು ತುಂಬಿತು. ಮರವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಿದರು. ಅದರ ಹೊಗೆಯಿಂದಲೂ ಮೆಥೈಲ್ ಆಲ್ಕೊಹಾಲ್, ಟಾರು ಮೊದಲಾದುವನ್ನು ಭಟ್ಟಿ ಇಳಿಸಿದರು.

ಇದ್ದಿಲು ಅದಿರನ್ನು ಕಬ್ಬಿಣವಾಗಿಸಿತೆಂದು ನಾವು ಹೇಳುತ್ತೇವೆ. ಊದುಕುಲುಮೆಯೊಳಗೆ ಆ ಕೆಲಸದ ಬಹುಭಾಗವನ್ನು ಮಾಡುವುದು ಇದ್ದಿಲಿನಿಂದ ಹುಟ್ಟುವ, ಬಣ್ಣ ವಾಸನೆಗಳಿಲ್ಲದ ಒಂದು ಅನಿಲ: ಕಾರ್ಬನ್ ಮಾನಾಕ್ಸೈಡ್. ಅದು ಅದಿರಿನ ಆಕ್ಸಿಜನ್ನನ್ನು ತಾನು ಸೆಳೆದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ.

ಎರಡೇ ಪರಮಾಣುಗಳ ಈ ಅಣು ಹೇಗೆ ನಿಂತಿದೆ? ಎರಡು ಪರಮಾಣುಗಳು ಒಂದು ಜೋಡಿ ಇಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದೇ ಬಂಧವೆಂದು ಅಮೆರಿಕದ ಜಿ. ಎನ್. ಲೂಯಿಸ್ 1916ರಲ್ಲಿ ತಿಳಿಸಿದ. ಸಾಮಾನ್ಯವಾಗಿ ಇಬ್ಬರೂ ಒಂದೊಂದನ್ನು ಹಾಕುತ್ತಾರೆ. ಕಾರ್ಬನ್ನಿನ ಹೊರಕವಚದಲ್ಲಿ 4 ಇಲೆಕ್ಟ್ರಾನುಗಳಿವೆ, ಆಕ್ಸಿಜನ್ನಿನಲ್ಲಿ 6. ಇಬ್ಬರೂ ಎರಡೆರಡನ್ನು ಹಾಕಿದರೆ ಆಕ್ಸಿಜನ್ನಿನ ಎಂಟು ತುಂಬಿತು. ಕಾರ್ಬನ್ನಿಗೆ ಆರೇ ಆಯಿತು. ಆಗ ಆಕ್ಸಿಜನ್ ತನ್ನಲ್ಲಿರುವ ಇನ್ನೊಂದು ಜೋಡಿಯನ್ನು ಇಡಿಯಾಗಿ ಇಬ್ಬರ ಪಾಲಿಗೆ ತರುತ್ತದೆ. ಒಬ್ಬನೇ ಬಂಡವಾಳ ಹೂಡಿದ ಈ ಪಾಲುದಾರಿಕೆಯೇ ಕೋಆರ್ಡಿನೇಟ್ ಸಹವೇಲೆನ್ಸಿ ಬಂಧ. ಭದ್ರಾವತಿಯ ಕುಲುಮೆ ಹೊತ್ತಿಕೊಂಡ ದಶಕದಲ್ಲಿಯೇ ಇಂಗ್ಲೆಂಡಿನ ಸಿಜ್‌ವಿಕ್ ಈ ವಿಚಾರವನ್ನು ವಿಸ್ತರಿಸಿದ. ಬಂಧ ಏರ್ಪಟ್ಟ ಮೇಲೆ ಯಾವ ಜೋಡಿ ಯಾರದೆಂದು ಗುರುತಿಸಲಾಗದು.

ಕಥೆ ಇಲ್ಲಿಗೆ ಮುಗಿಯದು. ಕಾರ್ಬನ್ನಿನ ಬಳಿ ಹಂಚದೆ ಉಳಿದ ಇನ್ನೊಂದು ಜೋಡಿಯಿದೆ. ನಮ್ಮ ರಕ್ತದ ಹಿಮೊಗ್ಲೋಬಿನ್ನಿನಲ್ಲಿಯೂ ಕಬ್ಬಿಣವಿದೆಯಷ್ಟೆ. ಉಸಿರಿನ ಆಕ್ಸಿಜನ್ ಕೂಡುವುದು ಅದರೊಡನೆ. ಕಾರ್ಬನ್ ಮಾನಾಕ್ಸೈಡ್ ಆ ಕಬ್ಬಿಣಕ್ಕೆ ತನ್ನ ಜೋಡಿಯನ್ನು ಕೊಟ್ಟು, ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ನೆಲೆಯೂರುತ್ತದೆ. ಕುಲುಮೆಯಲ್ಲಿಯೂ ರಕ್ತದಲ್ಲಿಯೂ ಅದು ಮಾಡುವುದು ಒಂದೇ ಕೆಲಸ, ಕಬ್ಬಿಣವನ್ನೂ ಆಕ್ಸಿಜನ್ನನ್ನೂ ಅಗಲಿಸುವುದು. ಅಲ್ಲಿ ಅದರಿಂದ ನೇಗಿಲಿಗೆ, ಸೇತುವೆಗೆ ಲೋಹ ಸಿಕ್ಕಿತು. ಇಲ್ಲಿ ಪ್ರಾಣ ಹೋಗುತ್ತದೆ.

ಮಳೆಗಾಲದ ಚಳಿಗೆ ಬಾಗಿಲು ಕಿಟಕಿ ಮುಚ್ಚಿ, ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯಿಟ್ಟು ಮಲಗುವವರು ಇದನ್ನು ನೆನೆಯಬೇಕು. ಹೊಗೆ ಕಾಣದಿದ್ದರೂ ಆ ಅನಿಲ ಅಲ್ಲಿರುತ್ತದೆ. ಮಲಗುವ ಮುನ್ನ ಕೆಂಡವನ್ನು ಹೊರಗಿಡುವುದೇ ಕ್ಷೇಮ.