ಪ್ರೋಗ್ರಾಮರ್ ಪೆಟ್ಟಿಗೆಯ ಪೂರ್ವಚರಿತ್ರೆ

1974ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಎಂಎಸ್ 1000 ಮಾರುಕಟ್ಟೆಗೆ ಬಂದಾಗ, ಮೈಕ್ರೋಕಂಟ್ರೋಲರಿನ ಆದೇಶಾವಳಿಯು ಕಾರ್ಖಾನೆಯಲ್ಲಿಯೇ ಸಿಲಿಕಾನಿನೊಳಗೆ ಶಾಶ್ವತವಾಗಿ ಅಚ್ಚಾಗುತ್ತಿದ್ದುದರಿಂದ, ಒಂದು ಅಂಕಿ ತಪ್ಪಿದರೂ ಅಚ್ಚಾದ ಅಷ್ಟೂ ಚಿಪ್‌ಗಳು ನಿರರ್ಥಕವಾಗುತ್ತಿದ್ದವು. ಈ ಸಂಕಟಕ್ಕೆ ಪರಿಹಾರ ದೊರೆತದ್ದು, ಇಂಟೆಲ್‌ನಲ್ಲಿ ಡೋವ್ ಫ್ರೋಮನ್ 1971ರ ವೇಳೆಗಾಗಲೇ ರೂಪಿಸಿದ್ದ, ಅಳಿಸಿ ಮರಳಿ ಬರೆಯಬಹುದಾದ ಇಪ್ರಾಮ್ ಸ್ಮೃತಿಯಿಂದ. 1976ರಲ್ಲಿ ಅದು 8748 ಎಂಬ ಮೈಕ್ರೋಕಂಟ್ರೋಲರಿನ ಒಡಲನ್ನು ಸೇರಿದ ಮೇಲೆ, ಚಿಪ್ಪಿನೊಳಗೆ ಆದೇಶಾವಳಿಯನ್ನು ಬರೆಯುವ ಪ್ರೋಗ್ರಾಮರ್ ಎಂಬ ಪೆಟ್ಟಿಗೆ ಪ್ರಯೋಗಶಾಲೆಯ ಮೇಜಿಗೆ ಅನಿವಾರ್ಯವಾಯಿತು.

ಆ ಪೆಟ್ಟಿಗೆಯ ಸ್ವಭಾವ ಸೌಮ್ಯವಾದುದಲ್ಲ. ನಿತ್ಯದ ಕೆಲಸಕ್ಕೆ 5 ವೋಲ್ಟಿನಲ್ಲಿ ತೃಪ್ತವಾಗಿದ್ದ ಚಿಪ್‌ಗೆ, ಬರೆಯುವ ವೇಳೆ ಮಾತ್ರ 25 ವೋಲ್ಟನ್ನು ಉಣಿಸಿ, ಎಲೆಕ್ಟ್ರಾನುಗಳನ್ನು ನಿರೋಧಕ ಪದರದಾಚೆಗೆ ದಾಟಿಸಿ ಸೆರೆಯಿಡಬೇಕಾಗಿತ್ತಾದ ಕಾರಣ, 40 ಕಾಲುಗಳ ಆ ಚಿಪ್ಪನ್ನು ಸಾಕೆಟ್ಟಿನಲ್ಲಿ ಹಿಂದುಮುಂದಾಗಿ ಕೂರಿಸಿದವನಿಗೆ ಕ್ಷಮೆಯೆಂಬುದಿರಲಿಲ್ಲ. ಇಂಟೆಲ್‌ನ ಕೈಪಿಡಿಯೇ ಈ ಅಪಾಯವನ್ನು ಹೇಳಿ, ಜೊತೆಗೊಂದು ಪರೀಕ್ಷೆಯನ್ನೂ ಸೂಚಿಸಿತ್ತು: ಚಿಪ್ ಸರಿಯಾಗಿ ಕುಳಿತಿದ್ದರೆ ಎಎಲ್‌ಇ ಎಂಬ ಕಾಲಿನಲ್ಲಿ ಗಡಿಯಾರದ ಮಿಡಿತ ತೋರುವುದು, ತೋರದಿದ್ದರೆ ಪೆಟ್ಟಿಗೆಯನ್ನು ಮುಂದುವರಿಯಗೊಡದೆ ತಡೆಯಬಹುದು. ಮದ್ದರೆಯುವುದಕ್ಕೆ ಮುಂಚೆ ನಾಡಿ ಹಿಡಿದು ನೋಡುವ ಪಂಡಿತರ ಪದ್ಧತಿಯಂತಿದ್ದ ಈ ಉಪಾಯವೇ, ನನ್ನ ಮಟ್ಟಿಗೆ, ಆ ಇಡೀ ಕೈಪಿಡಿಯಲ್ಲಿ ಅತ್ಯಂತ ವಿವೇಕದ ಮಾತು.

ಅಳಿಸುವ ವಿಧಿ ಬೇರೆಯೇ. ಚಿಪ್ಪಿನ ನೆತ್ತಿಯ ಮೇಲಿನ ಸ್ಫಟಿಕದ ಗವಾಕ್ಷದ ಮೂಲಕ ಅತಿನೇರಳೆ ಕಿರಣವನ್ನು 15ರಿಂದ 20 ನಿಮಿಷ ಹಾಯಿಸಬೇಕು. ಕಣ್ಣಿಗೆ ಅಹಿತವಾದ ಆ ದೀಪವನ್ನು ಮುಚ್ಚಿದ ಪೆಟ್ಟಿಗೆಯೊಳಗೆಯೇ ಉರಿಸಬೇಕು. ಬರೆದ ಮೇಲೆ ಗವಾಕ್ಷಕ್ಕೆ ಕಾಗದದ ಚೀಟಿಯಂಟಿಸುತ್ತಿದ್ದುದು ಬರಿಯ ಹೆಸರು ಬರೆಯುವುದಕ್ಕಲ್ಲ: ನೇರ ಬಿಸಿಲಿಗಿಟ್ಟರೆ ಸುಮಾರು ಒಂದು ವಾರದಲ್ಲಿ, ಕೋಣೆಯ ಟ್ಯೂಬ್‌ಲೈಟಿನಡಿಯಲ್ಲಾದರೆ ಸುಮಾರು ಮೂರು ವರ್ಷಗಳಲ್ಲಿ, ಬರೆದುದೆಲ್ಲ ತಾನಾಗಿ ಅಳಿಸಿಹೋಗಬಹುದಾಗಿತ್ತು. ಚೆನ್ನಾಗಿ ನಡೆಯುತ್ತಿದ್ದ ಯಂತ್ರವೊಂದು ಕಾರಣವಿಲ್ಲದೆ ಹುಚ್ಚುಗಟ್ಟಿದರೆ, ಬಲ್ಲವರು ಚೀಟಿ ಉದುರಿದೆಯೇ ಎಂದು ಮೊದಲು ನೋಡುತ್ತಿದ್ದರು.

1993ರಲ್ಲಿ ಪಿಐಸಿ 16ಸಿ84, ಅಟ್ಮೆಲ್‌ನ 89ಸಿ51 ಇವು ವಿದ್ಯುತ್ತಿನಿಂದಲೇ ಅಳಿಯುವ ಸ್ಮೃತಿಯೊಡನೆ ಬಂದು ಗವಾಕ್ಷವನ್ನು ಅನಗತ್ಯಗೊಳಿಸಿದವು. ಮುಂದೆ ಚಿಪ್ಪನ್ನು ಬೋರ್ಡಿನಿಂದ ಕೀಳದೆಯೇ ನಾಲ್ಕಾರು ತಂತಿಗಳಿಂದ ಬರೆಯುವುದು ರೂಢಿಯಾಗಿ, ಅಧಿಕ ವೋಲ್ಟೇಜಿನ ಭಯವೂ ಬಹುಮಟ್ಟಿಗೆ ತೊಲಗಿತು. ಆದಾಗ್ಯೂ ಎಡವಟ್ಟುಗಳು ತೊಲಗಲಿಲ್ಲ. ಎವಿಆರ್ ಚಿಪ್‌ಗಳಲ್ಲಿ ಗಡಿಯಾರದ ಮೂಲವನ್ನು ನಿರ್ಧರಿಸುವ ಫ್ಯೂಸ್ ಬಿಟ್ಟುಗಳನ್ನು ತಪ್ಪಾಗಿ ಬರೆದರೆ, ಬೋರ್ಡಿನಲ್ಲಿಲ್ಲದ ಕ್ರಿಸ್ಟಲ್ಲನ್ನು ನಿರೀಕ್ಷಿಸುತ್ತ ಚಿಪ್ ನಿಶ್ಚೇಷ್ಟವಾಗಿಬಿಡುತ್ತದೆ. ಸತ್ತಿತೆಂದು ಎಸೆಯುವವರೇ ಹೆಚ್ಚು. ಎಕ್ಸ್‌ಟಾಲ್ 1 ಎಂಬ ಕಾಲಿಗೆ ಹೊರಗಿನಿಂದ ಗಡಿಯಾರದ ಮಿಡಿತ ಕೊಟ್ಟು ಫ್ಯೂಸನ್ನು ತಿದ್ದಿದರೆ ಅದು ಮತ್ತೆ ಮಾತನಾಡುತ್ತದೆ. ಎಸೆಯುವ ಮುನ್ನ ಇಷ್ಟನ್ನಾದರೂ ಮಾಡಿ ನೋಡಬೇಕೆಂದು ಓದುಗರಲ್ಲಿ ನನ್ನ ವಿನಂತಿ.