ನೆಲ ನುಂಗಿದ ಕಾರುಗಳು: ವಾಶಿಯ ನಮಗೊಂದು ಪಾಠ

ಭೂಮಿಯೊಳಗಿನ ಪೊಳ್ಳಿನ ಮೇಲೆ ನಿಂತ ಮಣ್ಣು ಒಮ್ಮೆಲೇ ಕುಸಿದು ಬಾಯ್ದೆರೆಯುವ ಕುಳಿಗೆ ಸಿಂಕ್‌ಹೋಲ್ ಎಂದು ಹೆಸರು. ಇಂತಹ ಕುಳಿಯೊಂದು ಅಪೂರ್ವ ಕಾರುಗಳನ್ನೇ ನುಂಗಿದ ಪ್ರಸಂಗವು ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ನಗರದಲ್ಲಿ ನಡೆಯಿತು.

2014ರ ಫೆಬ್ರವರಿ 12ರಂದು ಬೆಳಗಿನ ಜಾವ ಅಲ್ಲಿನ ರಾಷ್ಟ್ರೀಯ ಕಾರ್ವೆಟ್ ಸಂಗ್ರಹಾಲಯದ ನೆಲ ಕುಸಿದು, ಎಂಟು ಸ್ಪೋರ್ಟ್ಸ್ ಕಾರುಗಳು ಸುಮಾರು 30 ಅಡಿ ಆಳಕ್ಕೆ ಉರುಳಿದವು. ಬಾಗಿಲು ತೆರೆಯುವ ಮುನ್ನವೇ ಸಂಭವಿಸಿದ್ದರಿಂದ ಪ್ರಾಣಹಾನಿಯಾಗಲಿಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವನ್ನು ಕಂಡ ನಮ್ಮವರಿಗೆ ಈ ನಷ್ಟದ ತೂಕ ಅರ್ಥವಾದೀತು. 1962ರ ಕಪ್ಪು ಕಾರು, 1992ರಲ್ಲಿ ತಯಾರಾದ ಹತ್ತು ಲಕ್ಷನೆಯ ಕಾರ್ವೆಟ್ ಹಾಗೂ 2009ರ 'ಬ್ಲೂ ಡೆವಿಲ್' ದುರಸ್ತಿಯಾಗಿ ಮರಳಿದವು. ಉಳಿದ ಐದನ್ನು ಜಜ್ಜಿದ ರೂಪದಲ್ಲಿಯೇ ಪ್ರದರ್ಶನಕ್ಕೆ ಇರಿಸಲಾಯಿತು.

ಕಾರಣ ನೆಲದಡಿಯಲ್ಲಿತ್ತು. ಆ ಪ್ರದೇಶದ ತಳಹದಿ ಸುಣ್ಣದ ಕಲ್ಲು. ತುಸು ಆಮ್ಲಗುಣದ ಮಳೆನೀರು ಇಂಗಿ, ಸಾವಿರಾರು ವರ್ಷಗಳಲ್ಲಿ ಕಲ್ಲನ್ನು ಕರಗಿಸಿ ಗುಹೆಗಳನ್ನು ಕೊರೆಯುತ್ತದೆ. ಜಗತ್ತಿನ ಅತಿ ಉದ್ದದ ಗುಹಾಜಾಲವಾದ ಮ್ಯಾಮತ್ ಗುಹೆ ಇರುವುದೂ ಅದರ ಸಮೀಪದಲ್ಲಿಯೇ.

ಮುಂಬಯಿ ಪರಿಸರದ ತಳದಲ್ಲಿರುವ ಬಸಾಲ್ಟ್ ಶಿಲೆ ಹಾಗೆ ಕರಗುವಂಥದ್ದಲ್ಲ. ಆದರೆ ಮನುಷ್ಯನೇ ಪೊಳ್ಳನ್ನು ಉಳಿಸಿದರೆ ಶಿಲೆ ಏನು ಮಾಡೀತು? 2021ರ ಜೂನ್ 13ರಂದು ಮಳೆಗಾಲದ ಆರಂಭದಲ್ಲಿ ಘಾಟ್ಕೋಪರ್‌ನ ವಸತಿ ಸಂಕೀರ್ಣವೊಂದರ ಅಂಗಳದಲ್ಲಿ ನಿಲ್ಲಿಸಿದ್ದ ಕಾರು ನೋಡನೋಡುತ್ತಿದ್ದಂತೆ ನೀರಿನಲ್ಲಿ ಮುಳುಗಿತು. ಹಳೆಯ ಬಾವಿಯ ಮೇಲೆ ಕಾಂಕ್ರೀಟ್ ಹಾಸಿ, ಅದನ್ನು ವಾಹನ ನಿಲ್ಲಿಸಲು ಬಳಸಲಾಗುತ್ತಿತ್ತು. ಪಂಪಿನಿಂದ ನೀರು ಹೊರಹಾಕಿ, ಕ್ರೇನಿನಿಂದ ಕಾರನ್ನು ಎತ್ತಬೇಕಾಯಿತು.

1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಸಂಸ್ಥೆಯು ರೂಪಿಸಿದ ನವಿ ಮುಂಬಯಿಯ ಮೊದಲ ಬಡಾವಣೆಗಳಲ್ಲಿ ವಾಶಿಯೂ ಒಂದು. ಖಾಡಿಯಂಚಿನ ತಗ್ಗುನೆಲಕ್ಕೆ ಮಣ್ಣು ತುಂಬಿಸಿ ಇಲ್ಲಿ ಬಹಳಷ್ಟು ಕಡೆ ಕಟ್ಟಡಗಳು ಎದ್ದಿವೆ. ತುಂಬುಮಣ್ಣಿನಲ್ಲಿ ನೀರಿನ ಕೊಳವೆ ಅಥವಾ ಒಳಚರಂಡಿ ಸೋರಿದರೆ ಮಣ್ಣು ಸ್ವಲ್ಪಸ್ವಲ್ಪವಾಗಿ ಕೊಚ್ಚಿಹೋಗಿ, ಮೇಲಿನ ಹಾಸು ಆಧಾರವಿಲ್ಲದೆ ಉಳಿಯುತ್ತದೆ.

ಅಂಗಳದ ಹಾಸುಗಲ್ಲು ತಗ್ಗುವುದು, ಹೊಸ ಬಿರುಕು ಮೂಡುವುದು, ನಿಂತ ನೀರು ಥಟ್ಟನೆ ಇಂಗಿಹೋಗುವುದು ಇದರ ಮುನ್ಸೂಚನೆಗಳು. ಇವನ್ನು ಕಂಡೊಡನೆ ಆ ಜಾಗವನ್ನು ತೆರವುಗೊಳಿಸಿ ಇಂಜಿನಿಯರರಿಗೆ ತೋರಿಸಬೇಕು. ಹಳೆಯ ಬಾವಿ, ನೀರಿನ ತೊಟ್ಟಿ ಎಲ್ಲಿವೆಯೆಂದು ಸೊಸೈಟಿಯ ನಕ್ಷೆಯಲ್ಲಿ ಗುರುತಿಸಿಡಬೇಕು. ಭಾರ ತಾಳುವುದೆಂದು ಖಚಿತವಾಗದ ಮುಚ್ಚಳದ ಮೇಲೆ ವಾಹನ ನಿಲ್ಲಿಸಬಾರದು. ಕೆಂಟಕಿಯಲ್ಲೂ ಘಾಟ್ಕೋಪರ್‌ನಲ್ಲೂ ಹೋದದ್ದು ಕಾರು ಮಾತ್ರ. ನಮ್ಮ ಅಂಗಳಗಳಲ್ಲಿ ಸಂಜೆ ಮಕ್ಕಳು ಆಡುತ್ತಾರೆ ಎಂಬುದನ್ನು ನಾವು ಮರೆಯದಿರೋಣ.